ನಡಿಗೆಯ ದಾಖಲೆ: ಮೂರನೆಯ ತಿಂಗಳು

ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾ ಗಡ್ಡೆಯನ್ನು ತೆಗೆಸಿಕೊಂಡು ಧಾರವಾಡದ ಮನೆಗೆ ಮರಳಿದಂದಿನಿಂದ ಬರೆಯುತ್ತಿರುವ ಈ ದಾಖಲೆಗೆ ಈ ತಿಂಗಳು ಒಂದು ಕಾಲಂ ಸೇರಿಸಿದ್ದೇನೆ. ಎಷ್ಟು ನಡೆದೆ ಎಂಬುದರ ಪಕ್ಕದಲ್ಲಿ, ಮರುದಿನ ಬೆಳಿಗ್ಗೆ ತಲೆ ಹೇಗಿತ್ತು ಎಂಬುದನ್ನೂ ಬರೆದಿಡುತ್ತೇನೆ. ಮಿದುಳಿನ ಶಸ್ತ್ರಚಿಕಿತ್ಸೆಯ ನಂತರದ ಆಯಾಸ ಅನೇಕ ವೇಳೆ ಒಂದು ದಿನ ತಡವಾಗಿ ಬರುವುದರಿಂದ, ನಡೆಯುವ ಹೊತ್ತಿನ ಹುರುಪನ್ನಷ್ಟೇ ನಂಬಿ ದೂರವನ್ನು ಹೆಚ್ಚಿಸುವಂತಿಲ್ಲ.

ಈಗ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದಲ್ಲಿ, ಬಿಸಿಲೇರುವ ಮುನ್ನ, ಜೊತೆಯವರೊಂದಿಗೆ ಏದುಸಿರಿಲ್ಲದೆ ಪೂರ್ಣ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ವೇಗದಲ್ಲಿ ನಡೆಯುತ್ತೇನೆ. ಸತತ ಕೆಲವು ದಿನ ಮುಂಜಾನೆ ತಲೆ ಹಗುರವಾಗಿದ್ದರೆ ಮಾತ್ರ ಐದು ನಿಮಿಷ ಸೇರಿಸುತ್ತೇನೆ. ತಲೆ ಭಾರವಾಗಿದ್ದರೆ ಹಿಂದಿನ ವಾರದ ಪ್ರಮಾಣಕ್ಕೆ ಇಳಿಯುತ್ತೇನೆ, ಆದರೆ ಪೂರ್ತಿ ಬಿಡುವುದಿಲ್ಲ. ಉತ್ಸಾಹ ಹೆಚ್ಚಿದ ದಿನಗಳಲ್ಲಿಯೇ ಮಿತಿ ಕಾಯುವುದು ಕಷ್ಟ. ಅಂಥ ದಿನ ನನ್ನ ಮನೆಯವರು, "ಇವತ್ತಿಗೆ ಸಾಕ್ರೀ, ಮನಿಗೆ ನಡೀರಿ" ಎಂದು ಗೇಟಿನತ್ತ ತಿರುಗಿಬಿಡುತ್ತಾರೆ.

ದಾಖಲೆಯನ್ನು ತಿರುವಿ ನೋಡಿದಾಗ ಹೆಚ್ಚು ಬಳಲಿಸಿದ್ದು ನಡಿಗೆಯಲ್ಲ, ಸೂಪರ್ ಮಾರ್ಕೆಟ್ ಎಂದು ಕರೆಯುವ ಊರಿನ ಬಯಲು ಮಾರುಕಟ್ಟೆಯ ಸಂತೆ. ಕೂಗಾಟ, ಹಾರ್ನ್, ಚೌಕಾಸಿ, ಚಿಲ್ಲರೆ ಲೆಕ್ಕ ಎಲ್ಲವೂ ಒಟ್ಟಿಗೆ ಬರುವ ಅಲ್ಲಿ ಕಾಲಿಗಿಂತ ತಲೆಗೇ ಕೆಲಸ ಹೆಚ್ಚು. ದೇಹದ ತೂಕದಲ್ಲಿ ಸುಮಾರು ಶೇ 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲಿಯೂ ದೇಹದ ಶಕ್ತಿಯಲ್ಲಿ ಸುಮಾರು ಶೇ 20ರಷ್ಟನ್ನು ಬಳಸುತ್ತದೆ. ಗಾಯಗೊಂಡು ಚೇತರಿಸಿಕೊಳ್ಳುತ್ತಿರುವ ಮಿದುಳಿಗೆ ಗದ್ದಲವನ್ನು ಸೋಸುವುದೂ ಒಂದು ದುಡಿಮೆಯೇ. ಹಾಗಾಗಿ ಸಂತೆಗೆ ಹೋಗುವ ದಿನ ಮೈದಾನಕ್ಕೆ ರಜೆ.

ನಲ್ಲಿ ನೀರು ಬಿಡುವ ದಿನದ ಸಂಗತಿಯೇ ಬೇರೆ. ಹದಿನೈದು ಲೀಟರಿನ ಬಕೆಟ್ ತುಂಬಿದರೆ ಹದಿನೈದು ಕಿಲೋ ಮೀರುತ್ತದೆ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ, ತಲೆಯನ್ನು ಎದೆಗಿಂತ ಕೆಳಕ್ಕೆ ಬಗ್ಗಿಸಿದರೆ ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ. ವೈದ್ಯರು ಅನುಮತಿಸುವವರೆಗೆ ನನ್ನ ಪಾಲಿಗೆ ಬಂದಿರುವುದು ಪೈಪ್ ಹಿಡಿದು ಬ್ಯಾರಲ್ ತುಂಬುವುದನ್ನು ನೋಡುತ್ತ ಕುಳಿತುಕೊಳ್ಳುವ ಗೌರವಾನ್ವಿತ ಹುದ್ದೆ.

ತೊಡೆಗಳ ಬಲ ಮಾತ್ರ ನಿಧಾನವಾಗಿ ಮರಳುತ್ತಿದೆ. ಮಿದುಳಿನ ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧಿ ಸೊಂಟ ಮತ್ತು ತೊಡೆಯ ಸ್ನಾಯುಗಳನ್ನು ದುರ್ಬಲಗೊಳಿಸಬಲ್ಲದು; ನೆಲದಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ಅದು ಗೊತ್ತಾಗುತ್ತದೆ. ಫಿಜಿಯೋಥೆರಪಿಸ್ಟ್ ಹೇಳಿದಂತೆ ಎತ್ತರದ ಕುರ್ಚಿಯಿಂದ, ಏಳುವಾಗ ಉಸಿರು ಬಿಡುತ್ತ, ಎದ್ದು ಕುಳಿತು ಅಭ್ಯಾಸ ಮಾಡುತ್ತಿದ್ದೇನೆ. ಕೈಯೂರದೆ ಏಳುವುದು ಈ ವಾರ ಸಾಧ್ಯವಾಗಿದೆ.

ಹೆಚ್ಚುತ್ತಲೇ ಹೋಗುವ ತಲೆನೋವು, ವಾಂತಿ, ಮಂಪರು, ಫಿಟ್ಸ್ ಅಥವಾ ಗಾಯದಿಂದ ದ್ರವ ಒಸರುವುದು ಕಂಡರೆ ಅದು ದಣಿವಿನ ಲೆಕ್ಕಕ್ಕೆ ಸೇರದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸ್ಕೂಟರ್ ಓಡಿಸುವ ಮಾತನ್ನು ಮುಂದಿನ ತಪಾಸಣೆಯವರೆಗೆ ಎತ್ತುವುದಿಲ್ಲ. ಮುಂದಿನ ತಿಂಗಳು ಕೆಲಗೇರಿ ಕೆರೆಯ ಕಡೆ ಹೋಗುವ ಯೋಚನೆಯಿದೆ. ಕೆರೆಯವರೆಗೆ ಆಟೋದಲ್ಲಿ ಹೋಗಿ, ದಂಡೆಯ ಮೇಲಷ್ಟೇ ನಡೆದು, ಆಟೋದಲ್ಲಿಯೇ ಮರಳುತ್ತೇನೆ.