ಅಮಾಸೆ ಮರುದಿನದ ನೀರು

ಲಕ್ಷ್ಮೀಪೂಜೆಗೆ ಅಮಾವಾಸ್ಯೆ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಎರಡು ಪಂಚಾಂಗದ ಆ್ಯಪ್ ಹಾಕಿಕೊಂಡು ನೋಡಿದವನು ನಾನು. ಕ್ಯಾಲಿಫೋರ್ನಿಯಾದಲ್ಲಿ ಇದೊಂದು ಪ್ರತಿ ವರ್ಷದ ತಲೆನೋವು. ಊರಿನಲ್ಲಿ ಪೂಜೆ ಮುಗಿಸಿ ಮಲಗುವ ಹೊತ್ತಿಗೆ ನಮಗಿಲ್ಲಿ ಬೆಳಗಿನ ಕಾಫಿ. ಅಂತೂ ಪೂಜೆ ಆಯಿತು, ಹೋಳಿಗೆ ಆಯಿತು. ಮಾರನೇ ದಿನ ಪಾಡ್ಯ. ನಾನು ರಜೆ ಹಾಕಿದ್ದೆ, ಹೆಂಡತಿಗೆ ಆಫೀಸು, ಮಗಳಿಗೆ ಶಾಲೆ. ಮನೆಯಲ್ಲಿ ಕೂತು ಏನು ಮಾಡೋದು, ಕಯಾಕ್ ಮಾಡಿ ಬರೋಣ ಅಂತ ಉಳಿದ ಎರಡು ಹೋಳಿಗೆ ಡಬ್ಬಿಗೆ ತುಂಬಿಕೊಂಡು ಎಲ್ಕ್‌ಹಾರ್ನ್ ಸ್ಲೂ ಕಡೆಗೆ ಹೊರಟೆ. ಪೂಜೆಗೆ ನೋಡಿದ ಅಮಾವಾಸ್ಯೆಯೇ ನೀರಿಗೂ ಅಮಾವಾಸ್ಯೆ ಅನ್ನೋದು ತಲೆಗೆ ಬರಲೇ ಇಲ್ಲ. ಹುಟ್ಟಿ ಬೆಳೆದದ್ದು ಕುಮಟಾ ಹತ್ತಿರ, ಅಘನಾಶಿನಿ ದಂಡೆಯಲ್ಲಿ. ಹೇಳಿಕೊಳ್ಳೋಕೆ ನಾಚಿಕೆ.

ನಮ್ಮ ಮನೆಯಿಂದ ಒಂದೂಕಾಲು ಗಂಟೆಯ ದಾರಿ. ಮಾಂಟೆರೆ ಕೊಲ್ಲಿಯ ನಟ್ಟನಡುವೆ ಮಾಸ್ ಲ್ಯಾಂಡಿಂಗ್ ಅಂತ ಚಿಕ್ಕ ಬಂದರು. ಅಲ್ಲಿಂದ ಒಳನಾಡಿಗೆ ಸುಮಾರು 11 ಕಿಲೋಮೀಟರ್ ಹಾವಿನ ಹಾಗೆ ನುಗ್ಗಿರುವ ಉಪ್ಪುನೀರಿನ ಕಾಲುವೆಯೇ ಈ ಸ್ಲೂ. ಎರಡೂ ಕಡೆ ಜವುಗು, ಅದರಾಚೆ ದಿಬ್ಬಗಳ ಮೇಲೆ ಸ್ಟ್ರಾಬೆರಿ ಹೊಲ. ಬಂದರಿನ ಪಕ್ಕದಲ್ಲೇ ವಿದ್ಯುತ್ ಸ್ಥಾವರದ ಎರಡು ಚಿಮಣಿ, ಒಂದೊಂದೂ 500 ಅಡಿ ಎತ್ತರ. ಚೆಂದದ ಫೋಟೋ ತೆಗೆಯಲು ಬಂದವರೆಲ್ಲ ಅವನ್ನು ಫ್ರೇಮಿನಿಂದ ಹೊರಗಿಡೋಕೆ ಒದ್ದಾಡುತ್ತಾರೆ. ನನಗೆ ಮಾತ್ರ ಅವು ಇಷ್ಟ. ಕವಲುಗಳಲ್ಲಿ ದಾರಿ ತಪ್ಪಿದರೆ ಕತ್ತೆತ್ತಿ ನೋಡಿದರಾಯಿತು, ಚಿಮಣಿ ಇರುವ ಕಡೆ ಸಮುದ್ರ.

ಸಾಮಾನ್ಯವಾಗಿ ಗೆಳೆಯರ ಗುಂಪಿನಲ್ಲಿ ಹೋಗುತ್ತೇವೆ. ಗುಂಪು ಅಂದರೆ ಗೊತ್ತಲ್ವಾ, ಒಬ್ಬರ ಕಯಾಕಿನಲ್ಲಿ ಹಾಡು, ಇನ್ನೊಬ್ಬರದರಲ್ಲಿ ಚಕ್ಕುಲಿ, ಸೀಲ್‌ಗಳು ನಮ್ಮನ್ನು ನೋಡುವ ಮೊದಲೇ ಕೇಳಿಸಿಕೊಂಡು ಮುಳುಗಿರುತ್ತವೆ. ಒಬ್ಬನೇ ಹೋದದ್ದು ಇದೇ ಮೊದಲು. ಬಾಡಿಗೆಗೆ ಕಯಾಕ್ ಕೊಟ್ಟ ಹುಡುಗಿ ಎರಡು ಮಾತು ಹೇಳಿದಳು. ಕಡಲ ನೀರುನಾಯಿಗಳಿಂದ ಐದು ಕಯಾಕ್ ಉದ್ದದಷ್ಟು ದೂರ ಇರು. ನಾಲ್ಕು ಗಂಟೆಗೆ ವಾಪಸ್ ಬಾ. ಮೂರನೆಯದೂ ಏನೋ ಹೇಳಿದಳು. ನಾನು ಆಗ ಲೈಫ್ ಜಾಕೆಟ್ಟಿನ ಬಕಲ್ ಹಾಕಿಕೊಳ್ಳುತ್ತಿದ್ದೆ.

ಹತ್ತು ಗಂಟೆಗೆ ನೀರಿಗಿಳಿದೆ. ಉಬ್ಬರ ಇನ್ನೂ ಏರುತ್ತಿತ್ತು, ಹುಟ್ಟು ಹಾಕದಿದ್ದರೂ ಕಯಾಕ್ ತನ್ನಷ್ಟಕ್ಕೆ ಒಳಗೆ ಸಾಗುತ್ತಿತ್ತು. ಹೈವೇ ಸೇತುವೆ ದಾಟಿದ ಮೇಲೆ ಗಾಳಿಯಿಲ್ಲ, ಅಲೆಯಿಲ್ಲ. ಕಂದು ಹೆಜ್ಜಾರ್ಲೆಗಳು ಮೇಲೆ ಸುತ್ತುತ್ತಿದ್ದವು. ಕೊಕ್ಕರೆಬೆಳ್ಳೂರಿನಲ್ಲಿ ನೋಡಿದ ಹೆಜ್ಜಾರ್ಲೆ ಮರದ ಮೇಲೆ ಕೂತ ದೊಡ್ಡ ಮನುಷ್ಯರ ಹಾಗೆ ಗಂಭೀರ, ನೀರಿನಲ್ಲೂ ತೇಲುತ್ತಾ ಕೊಕ್ಕಿನ ಚೀಲದಲ್ಲಿ ಮೀನು ಮೊಗೆಯುವ ಜಾತಿ. ಇವು ಹಾಗಲ್ಲ. ಮೂವತ್ತು ಅಡಿ ಮೇಲಿಂದ ರೆಕ್ಕೆ ಮಡಚಿ ದಬಾರ್ ಅಂತ ನೀರಿಗೆ ಬೀಳುತ್ತವೆ, ಯಾರೋ ಸೂಟ್‌ಕೇಸ್ ಎಸೆದ ಹಾಗೆ. ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಈ ಕರಾವಳಿಯಲ್ಲಿ ಇವು ನಿರ್ನಾಮ ಆಗುವುದರಲ್ಲಿದ್ದವು. 1972ರಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಚೇತರಿಸಿಕೊಂಡವು.

ಅಕ್ಟೋಬರಿನಲ್ಲಿ ಜವುಗೆಲ್ಲ ಕೆಂಪು. ಪಿಕಲ್‌ವೀಡ್ ಅಂತ ಮೊಣಕಾಲೆತ್ತರದ ಗಿಡ, ಎಲೆಯೇ ಇಲ್ಲ, ಬರೀ ಗಂಟು ಗಂಟಾದ ರಸ ತುಂಬಿದ ಕಡ್ಡಿ. ಹೀರಿದ ಉಪ್ಪನ್ನೆಲ್ಲ ತುದಿಯ ಗಂಟುಗಳಿಗೆ ತುಂಬುತ್ತದೆ. ತುಂಬಿದ ಮೇಲೆ ಅವು ಕೆಂಪಗಾಗಿ ಒಣಗಿ ಉದುರುತ್ತವೆ, ಉಪ್ಪೂ ಹೋಯಿತು. ನಮ್ಮ ಕಡೆ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದ ಅಜ್ಜ ಇದನ್ನು ನೋಡಿದ್ದರೆ ಇಷ್ಟಪಡುತ್ತಿದ್ದರು. ಕಗ್ಗವೂ ಹಾಗೇ, ಉಪ್ಪುನೀರು ನುಗ್ಗಿದರೂ ಸಾಯದ ಹಟಮಾರಿ ಭತ್ತ. ಬೇಸಿಗೆಯಿಡೀ ಉಪ್ಪುನೀರು ಬಿಟ್ಟುಕೊಂಡ ಗದ್ದೆಯನ್ನು ಮಳೆ ತೊಳೆದ ಮೇಲೆ ಬಿತ್ತುತ್ತಿದ್ದರು. ಹೊಟ್ಟೆ ತುಂಬ ಕಗ್ಗದ ಗಂಜಿ ಕುಡಿದವನಿಗೆ ಮಧ್ಯಾಹ್ನದವರೆಗೆ ಹಸಿವಾಗೋದಿಲ್ಲ.

ಹನ್ನೆರಡೂವರೆಗೆ ಕಯಾಕಿನಲ್ಲೇ ಹೋಳಿಗೆ ತಿಂದೆ. ನೀರು ತಿರುಗಿತ್ತು, ಗೊತ್ತಿತ್ತು. ಫೋನಿನಲ್ಲಿ ನೋಡಿದ್ದೆ: ಉಬ್ಬರ ಹನ್ನೊಂದಕ್ಕೆ, ಇಳಿತ ಐದಕ್ಕೆ. ಐದರವರೆಗೆ ಬೇಕಾದಷ್ಟು ಟೈಮಿದೆ ಅಂದುಕೊಂಡೆ. ಇದೇ ತಪ್ಪು. ಇಳಿತ ಐದಕ್ಕೆ ಅಂದರೆ ನೀರು ಐದಕ್ಕೆ ಹೋಗುತ್ತದೆ ಅಂತಲ್ಲ, ಐದರ ಹೊತ್ತಿಗೆ ಹೋಗುವುದೆಲ್ಲ ಹೋಗಿ ಮುಗಿದಿರುತ್ತದೆ ಅಂತ. ಅದೂ ಸಮವಾಗಿ ಹೋಗುವುದಿಲ್ಲ. ಇಳಿಯುವ ಆರು ಗಂಟೆಯಲ್ಲಿ ಮೊದಲ ಗಂಟೆ ಮೆಲ್ಲಗೆ, ಕೊನೆಯ ಗಂಟೆಯೂ ಮೆಲ್ಲಗೆ, ನಡುವಿನ ಎರಡು ಗಂಟೆಯಲ್ಲಿ ಹತ್ತಿರ ಹತ್ತಿರ ಅರ್ಧ ನೀರು ಓಡಿಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಸೂರ್ಯ ಚಂದ್ರ ಎರಡೂ ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿತದ್ದಲ್ಲ. "ಅಮಾಸೆ ನೀರು ಹೇಳಿಕೇಳಿ ಹೋಗೂದಿಲ್ಲ" ಅಂತ ಅಜ್ಜ ಅಂಗಳದಲ್ಲಿ ಕೂತು ಹೇಳುತ್ತಿದ್ದದ್ದು ಇವತ್ತಿಗೂ ಕಿವಿಯಲ್ಲಿದೆ. ಕಿವಿಯಲ್ಲಿದ್ದು ಏನು ಬಂತು.

ಒಂದೂವರೆ ಹೊತ್ತಿಗೆ ಒಂದು ಚಿಕ್ಕ ಕವಲಿಗೆ ತಿರುಗಿದೆ. ಕಾರಣ, ಒಂದು ಕರ್ಲ್ಯೂ. ಕೋಳಿಗಿಂತ ಸ್ವಲ್ಪ ದೊಡ್ಡ ಹಕ್ಕಿ, ಆದರೆ ಕೊಕ್ಕು ಎಂಟು ಇಂಚು, ಕೆಳಗೆ ಬಾಗಿದ ದಬ್ಬಣದ ಹಾಗೆ. ಅದು ದಂಡೆಯ ಮೇಲೆ ನಡೆಯುತ್ತಾ ಹೋಯಿತು, ನಾನು ಹಿಂದೆ ಹಿಂದೆ. ಪ್ರತಿ ನಾಲ್ಕು ಹೆಜ್ಜೆಗೆ ಕೊಕ್ಕನ್ನು ಕೆಸರಿಗೆ ಕಣ್ಣಿನವರೆಗೆ ಇಳಿಸುತ್ತಿತ್ತು. ಕ್ಯಾಮೆರಾ ಹಿಡಿದು ಹತ್ತು ನಿಮಿಷ ಕೂತೆ. ಸರಿ ಸಾಕು ಅಂತ ಹುಟ್ಟು ನೀರಿಗೆ ಹಾಕಿದರೆ, ಹುಟ್ಟು ಪಚಕ್ ಅಂದಿತು.

ನೀರಿರಲಿಲ್ಲ. ಅಂದರೆ ಇತ್ತು, ಅಂಗೈ ಆಳ. ಹಿಂದೆ ತಿರುಗಿ ನೋಡಿದರೆ ನಾನು ಬಂದ ದಾರಿಯೆಲ್ಲ ಹೊಳೆಯುವ ಕೆಸರು, ನಡುವೆ ಜನಿವಾರದ ಎಳೆಯಷ್ಟು ನೀರು. ಹುಟ್ಟು ಊರಿ ತಳ್ಳಿದೆ, ಹುಟ್ಟು ಒಳಗೆ ಹೋಯಿತು, ಕಯಾಕ್ ಅಲ್ಲೇ. ಆಗ ಮಾಡಬಾರದ ಕೆಲಸ ಮಾಡಿದೆ. ಇಳಿದು ಎಳೆಯೋಣ ಅಂತ ಒಂದು ಕಾಲು ಕೆಳಗಿಟ್ಟೆ. ತೊಡೆಯವರೆಗೆ ಹೋಯಿತು. ತಳವೇ ಸಿಗಲಿಲ್ಲ. ಕಯಾಕನ್ನು ತಬ್ಬಿಕೊಂಡು, ಏದುಸಿರು ಬಿಡುತ್ತಾ ಕಾಲು ಎಳೆದುಕೊಂಡೆ. ಕಾಲು ಬಂತು, ಚಪ್ಪಲಿ ಬರಲಿಲ್ಲ. ಜೊತೆಗೆ ಆ ವಾಸನೆ ಎದ್ದಿತು. ಕೊಳೆತ ಮೊಟ್ಟೆ, ಉಪ್ಪು, ಏನೋ ಹಳೆಯದು. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾ ಬಿಡುವ ಗಂಧಕದ ವಾಸನೆ. ಗಜನಿ ಕಟ್ಟೆ ಒಡೆದಾಗ ಬರುತ್ತಿದ್ದದ್ದೂ ಇದೇ. ಹದಿನಾಲ್ಕು ಸಾವಿರ ಕಿಲೋಮೀಟರ್ ಬಂದಮೇಲೂ ಕೆಸರು ಗುರುತು ಹಿಡಿದುಬಿಟ್ಟಿತು ನನ್ನನ್ನು.

ಫೋನ್ ಮಾಡಿದೆ. ಹುಡುಗಿ ಕೇಳಿದ ಮೊದಲ ಪ್ರಶ್ನೆ, "ಕೆಳಗೆ ಇಳಿದಿಲ್ಲ ತಾನೇ?" ಸ್ವಲ್ಪ ತಡೆದು "ಒಂದೇ ಕಾಲು" ಅಂದೆ. ನಗಲಿಲ್ಲ, ಪುಣ್ಯ. ಕೆಸರಿನಲ್ಲಿ ಯಾರೂ ನಿನ್ನ ಹತ್ತಿರ ಬರೋಕಾಗಲ್ಲ, ಕಾದರೆ ನೀರು ಮತ್ತೆ ಬಂದು ತೇಲೋದು ಎಂಟು ಗಂಟೆಗೆ, ಕತ್ತಲಲ್ಲಿ. ಕಯಾಕ್ ಮೇಲೆ ಬೋರಲು ಮಲಗಿ ಜಾರಿಕೊಂಡು ದೊಡ್ಡ ಕಾಲುವೆ ಸೇರೋಕೆ ನೋಡು, ಆಗದಿದ್ದರೆ ಮತ್ತೆ ಫೋನ್ ಮಾಡು, ಅಂದಳು. ಕವಲುಗಳಿಗೆ ಹೋಗಬೇಡ ಅಂತ ಹೇಳಿದ್ದೆನಲ್ಲ, ಅಂತಲೂ ಸೇರಿಸಿದಳು. ಆ ಮೂರನೇ ಮಾತು ಅದು.

ಕೈ ನಡುಗುತ್ತಿತ್ತು. ಸುಮ್ನೆ ಸ್ವಲ್ಪ ಹೊತ್ತು ಕೂತೆ. ಕೂತಾಗ ಮೊದಲು ಕಿವಿಗೆ ಬಂದದ್ದು ಚಿಟಿಚಿಟಿ ಸದ್ದು. ಬಾಣಲೆಯಲ್ಲಿ ಸಾಸಿವೆ ಸಿಡಿಯುವುದಕ್ಕೂ ಮುಂಚೆ ಎಣ್ಣೆ ಮಾತಾಡುತ್ತದಲ್ಲ, ಹಾಗೆ. ಕೆಸರಿನ ಮೇಲೆಲ್ಲ ಸಣ್ಣ ತೂತುಗಳು, ಗುಳ್ಳೆ ಬಂದು ಒಡೆಯುತ್ತಿವೆ. ಪಕ್ಕದ ದಂಡೆ ಈಗ ನನ್ನ ತಲೆಗಿಂತ ಎತ್ತರ. ಅದರ ತುಂಬ ಬಿಲ. ಬಿಲಗಳಿಂದ ಏಡಿಗಳು ಒಂದೊಂದಾಗಿ ಬಂದವು, ಹಸಿರು ಕಪ್ಪು ಪಟ್ಟೆಯವು, ಬೆಂಕಿಪೊಟ್ಟಣದಷ್ಟು ಅಗಲ. ನಾನು ಕಣ್ಣು ಮಿಟುಕಿಸಿದರೂ ಎಲ್ಲಾ ಒಳಗೆ. ಉಸಿರು ಬಿಗಿಹಿಡಿದರೆ ಮತ್ತೆ ಹೊರಗೆ. ಮೇಲಿನ ಪಿಕಲ್‌ವೀಡ್ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಒಂದು ಏಡಿ ಅದರಲ್ಲಿ ಒಂದು ಬೇರನ್ನು ಹಿಡಿದು ಎರಡೂ ಚಿಮಟದಿಂದ ಸರದಿಯ ಮೇಲೆ ಬಾಯಿಗಿಡುತ್ತಿತ್ತು, ಟೀವಿ ನೋಡುತ್ತಾ ಚಿಪ್ಸ್ ತಿನ್ನುವವರ ಹಾಗೆ.

ಈ ಏಡಿಗಳ ಬಗ್ಗೆ ಓದಿದ್ದೆ. ಬೇರು ತಿಂದು, ಬಿಲ ತೋಡಿ ದಂಡೆಯನ್ನು ಟೊಳ್ಳು ಮಾಡುತ್ತವೆ. ದಂಡೆ ಕುಸಿಯುತ್ತದೆ. 1940ರ ದಶಕದಲ್ಲಿ ಬಂದರಿಗಾಗಿ ಸ್ಲೂನ ಬಾಯಿಯನ್ನು ನೇರ ಸಮುದ್ರಕ್ಕೆ ಕೊರೆದರು. ಅಂದಿನಿಂದ ಪ್ರತಿ ಇಳಿತವೂ ಜೋರಾಗಿ ಓಡಿ ಮಣ್ಣು ಎಳೆದುಕೊಂಡು ಹೋಗುತ್ತಿದೆ. ಕಟ್ಟೆ ಕಟ್ಟಿದ್ದು, ಕೊರೆದದ್ದು ಎಲ್ಲ ಸೇರಿ ಇಲ್ಲಿನ ಜವುಗಿನ ಅರ್ಧದಷ್ಟು ಹೋಗಿದೆ. ಏಡಿ ತಿನ್ನುವ ನೀರುನಾಯಿಗಳು ವಾಪಸ್ ಬಂದ ಕವಲುಗಳಲ್ಲಿ ದಂಡೆಯ ಸವೆತ ಕೆಲವು ಕಡೆ 90 ಪರ್ಸೆಂಟ್‌ವರೆಗೆ ಇಳಿದಿದೆ ಅಂತ 2024ರ ಜನವರಿಯಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಓದಿದಾಗ ಹೌದಾ ಅಂದುಕೊಂಡು ಮುಂದೆ ಸ್ಕ್ರೋಲ್ ಮಾಡಿದ್ದೆ. ಈಗ ಆ ದಂಡೆಯ ಕೆಳಗೆ ಕೂತು ಬಿಲ ಎಣಿಸಿದೆ. ನನ್ನ ಹುಟ್ಟಿನ ಅಲಗಿನಷ್ಟು ಜಾಗದಲ್ಲಿ ಹನ್ನೊಂದು.

ಟಕ್. ಟಕ್ ಟಕ್ ಟಕ್.

ಕವಲಿನ ಬಾಯಿಯಲ್ಲಿ, ನನ್ನಿಂದ ಐವತ್ತಡಿ ದೂರದಲ್ಲಿ ಒಂದು ನೀರುನಾಯಿ ಅಂಗಾತ ತೇಲುತ್ತಿತ್ತು. ಎದೆಯ ಮೇಲೆ ಒಂದು ಕಲ್ಲು. ಮುಂಗೈಗಳೆರಡರಲ್ಲೂ ಬಳಚಿನಂಥ ದೊಡ್ಡ ಚಿಪ್ಪು ಹಿಡಿದು ಕಲ್ಲಿಗೆ ಹೊಡೆಯುತ್ತಿತ್ತು, ತೆಂಗಿನಕಾಯಿ ಒಡೆಯುವವರ ಶ್ರದ್ಧೆಯಿಂದ. ಒಡೆಯಿತು. ಮಾಂಸ ಬಾಯಿಗೆ. ಆಮೇಲೆ ಸುತ್ತ ಒಂದು ಉರುಳು ಉರುಳಿತು, ಎದೆ ಮೇಲಿನ ಚೂರುಗಳೆಲ್ಲ ತೊಳೆದುಹೋದವು. ಕಲ್ಲು ಮಾತ್ರ ಕಂಕುಳಲ್ಲಿ ಭದ್ರ. ಮತ್ತೆ ಮುಳುಗಿತು. ಎದ್ದಾಗ ಇನ್ನೊಂದು ಚಿಪ್ಪು. ಅದಕ್ಕೆ ಸೀಲ್‌ಗಳ ಹಾಗೆ ಕೊಬ್ಬಿನ ಪದರ ಇಲ್ಲ. ಚಳಿ ತಡೆಯುವುದೆಲ್ಲ ಕೂದಲಿನಿಂದ, ಒಂದು ಚದರ ಇಂಚಿನಲ್ಲಿ ಹತ್ತು ಲಕ್ಷದವರೆಗೆ. ಆ ಕೂದಲಿಗಾಗಿಯೇ ಇವನ್ನು ಕೊಂದು ಮುಗಿಸಿದ್ದರು. 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಐವತ್ತರಷ್ಟು ಕಂಡಾಗ ಜನ ನಂಬಲಿಲ್ಲವಂತೆ. ಈಗ ಕ್ಯಾಲಿಫೋರ್ನಿಯಾದಲ್ಲಿರುವ ಮೂರು ಸಾವಿರ ಚಿಲ್ಲರೆಯೂ ಅವುಗಳ ಸಂತಾನವೇ. ಮೈ ಬಿಸಿ ಇಟ್ಟುಕೊಳ್ಳೋಕೆ ದಿನಕ್ಕೆ ತನ್ನ ತೂಕದ ಕಾಲುಭಾಗ ತಿನ್ನಬೇಕು. ಇಪ್ಪತ್ತು ಕಿಲೋದ ಹೆಣ್ಣಾದರೆ ಐದು ಕಿಲೋ ಊಟ. ಇದು ನಾನು ನೋಡುತ್ತಿದ್ದ ಹಾಗೇ ಐದು ಚಿಪ್ಪು, ಎರಡು ಏಡಿ ಮುಗಿಸಿತು. ಏಡಿಯ ಕಾಲು ಒಂದೊಂದಾಗಿ ಕಿತ್ತು ಅಗಿಯುವ ಕರಕರ ನನಗೆ ಸ್ಪಷ್ಟ ಕೇಳುತ್ತಿತ್ತು. ಬಾಯಲ್ಲಿ ನೀರು ಬಂತು ಅಂದರೆ ನಂಬಿ. ಅಮ್ಮನ ಬಳಚಿನ ಸುಕ್ಕೆ ತಿಂದು ಎರಡು ವರ್ಷವಾಗಿತ್ತು.

ಅರವತ್ತಡಿ ದೂರ ಇರಬೇಕು ಅನ್ನೋದು ನಿಯಮ. ನಾನು ಎಲ್ಲಿಗೆ ಹೋಗಲಿ? ಅದೂ ಒಮ್ಮೆ ನನ್ನ ಕಡೆ ನೋಡಿತು. ಕೆಸರು ಮೆತ್ತಿದ, ಒಂಟಿ ಚಪ್ಪಲಿಯ ಪ್ರಾಣಿ. ಆಸಕ್ತಿ ಮೂಡಿಸುವ ಹಾಗೇನೂ ಕಾಣಲಿಲ್ಲ ಅಂತ ಕಾಣುತ್ತದೆ, ಮತ್ತೆ ಊಟಕ್ಕೆ ತೊಡಗಿತು.

ಮೂರಕ್ಕೆ ಹತ್ತು ನಿಮಿಷ ಇರುವಾಗ ಅದು ಹೋಯಿತು, ನಾನೂ ಹೊರಟೆ. ಕಯಾಕಿನ ಹಿಂಬದಿ ಮೇಲೆ ಬೋರಲು ಮಲಗಿ, ಎರಡೂ ಕಾಲಿಂದ ಕಪ್ಪೆಯ ಹಾಗೆ ಒದೆಯುವುದು. ಒಂದು ಒದೆತಕ್ಕೆ ಒಂದಡಿ. ಕೆಲವೊಮ್ಮೆ ಅದೂ ಇಲ್ಲ. ದಂಡೆ ಮುಟ್ಟದೆ, ಗಿಡ ತುಳಿಯದೆ ಹೋಗಬೇಕು, ಇಷ್ಟು ಕೆದಕಿದ್ದೇ ಪಾಪ. ಕೆಸರು ಮೂಗಿನಲ್ಲಿ, ಹಲ್ಲಿನಲ್ಲಿ. ಮೂವತ್ತೈದು ನಿಮಿಷ ಹಿಡಿಯಿತು. ಕೊನೆಗೆ ಮೂತಿ ಕಾಲುವೆಯ ನೀರಿಗೆ ಜಾರಿದಾಗ ನಾನೊಬ್ಬನೇ ಜೋರಾಗಿ ಕೂಗಿಕೊಂಡೆ. ಆಚೆ ದಡದಲ್ಲಿ ಬಿಸಿಲು ಕಾಯಿಸುತ್ತಿದ್ದ ಸೀಲ್‌ಗಳು ತಲೆ ಎತ್ತಿ ನೋಡಿ ಮತ್ತೆ ಮಲಗಿದವು.

ವಾಪಸ್ಸಿನ ಕಥೆ ಹೇಳುವಂಥದ್ದಲ್ಲ. ನೀರು ಸಮುದ್ರದ ಕಡೆಗೆ, ಮಧ್ಯಾಹ್ನದ ಗಾಳಿ ಸಮುದ್ರದಿಂದ ಈ ಕಡೆಗೆ, ನಡುವೆ ನಾನು. ಸೇತುವೆಯ ಕೆಳಗೆ ಸೆಳೆತ ಎಷ್ಟಿತ್ತೆಂದರೆ ಬಂದರಿನ ಬಾಯಿ ದಾಟಿ ಕೊಲ್ಲಿಗೇ ಹೋಗಿಬಿಡುತ್ತೇನೋ ಅಂತ ಭಯವಾಯಿತು. ಐದಕ್ಕೆ ಹತ್ತು ನಿಮಿಷ ಇರುವಾಗ ದಡ ಮುಟ್ಟಿದೆ. ಹುಡುಗಿ ಏನೂ ಮಾತಾಡದೆ ಹೋಸ್‌ಪೈಪ್ ತಂದು ಕೈಗೆ ಕೊಟ್ಟಳು.

ರಾತ್ರಿ ಒಂಬತ್ತೂವರೆಗೆ ಅಮ್ಮ ಫೋನ್ ಮಾಡಿದಳು. ಅಲ್ಲಿ ಬೆಳಗು, ಹಿಂದಿನ ದಿನದ ಗೋಪೂಜೆಯ ಫೋಟೋ ನೋಡಿದೆಯಾ ಅಂತ ಕೇಳೋಕೆ. ಎಲ್ಲ ಹೇಳಿದೆ. ಅವಳು ಅರ್ಧಕ್ಕೇ ತಡೆದಳು.

"ಅಮಾಸೆ ಮರುದಿನ ನೀರಿಗೆ ಇಳಿದ್ಯಾ? ನೀನು?"

ಆ 'ನೀನು' ಬಹಳ ಹೊತ್ತು ಫೋನಿನಲ್ಲೇ ಇತ್ತು. ಆಮೇಲೆ ಕೇಳಿದಳು, ಹೋದ ಚಪ್ಪಲಿ ಹೊಸದೋ ಹಳೇದೋ ಅಂತ. ಹಬ್ಬಕ್ಕೆ ತಗೊಂಡದ್ದು ಅಂದೆ.