ತಲೆ ಮೇಲೆ ಮೂಟೆ ಹೊತ್ತು ಬೆಟ್ಟಕ್ಕೆ ಹೊರಟ ನಮ್ಮ ಎಸ್‌ಯುವಿ

ನಮ್ಮದು ಆರು ವರ್ಷದ ಡೀಸೆಲ್ ಎಸ್‌ಯುವಿ. ಏಳು ಸೀಟು, ಮ್ಯಾನುಯಲ್ ಗೇರ್, 94,000 ಕಿ.ಮೀ. ಓಡಿದೆ. ಇದನ್ನು ಮಾರಿ ಹೈಬ್ರಿಡ್ (ಇಂಜಿನ್ ಜೊತೆ ಬ್ಯಾಟರಿ, ಮೋಟರ್ ಕೂಡ ಇರುವ ಗಾಡಿ) ತಗೊಳ್ಳೋದಾ, ಇನ್ನೂ ನಾಲ್ಕು ವರ್ಷ ಇದರಲ್ಲೇ ತಳ್ಳೋದಾ ಅಂತ ಮನೆಯಲ್ಲಿ ಒಂದು ವರ್ಷದಿಂದ ಚರ್ಚೆ ನಡೀತಾ ಇತ್ತು. ಭಾವ ಹೋದ ವರ್ಷವೇ ಪೆಟ್ರೋಲ್ ಹೈಬ್ರಿಡ್ ಎಸ್‌ಯುವಿ ತಗೊಂಡಿದ್ದರು. ರಜೆಗೆ ಎರಡೂ ಮನೆಯವರು ಬೆಟ್ಟದ ಕಡೆ ಹೊರಟಾಗ ಅವರೇ ಹೇಳಿದರು, "ಎರಡೂ ಗಾಡಿ ತಗೊಂಡು ಹೋಗೋಣ. ಒಂದೇ ದಾರಿ, ಒಂದೇ ವೇಗ. ಆಗ ನಿನ್ನ ಅನುಮಾನ ಬಗೆಹರಿಯುತ್ತೆ."

ದಾರಿ ಹೀಗಿತ್ತು: ಮೊದಲು ಸುಮಾರು 600 ಕಿ.ಮೀ. ಬಯಲು, ಆಮೇಲೆ 3,000 ಮೀಟರ್ ಎತ್ತರದವರೆಗೆ ತಿರುವಿನ ಏರು. ಮೇಲೆ ಏನು ನೋಡಿದೆವು ಅಂತ ಬರೆಯಲ್ಲ, ಫೋಟೊ ಎಲ್ಲರ ಹತ್ತಿರವೂ ಇದೆ. ಗಾಡಿ ತಗೊಂಡು ಇಂಥ ದಾರಿಗೆ ಹೊರಡುವವರಿಗೆ, ಇಂಥ ದಾರಿಗೆ ಅಂತಲೇ ಗಾಡಿ ಹುಡುಕುತ್ತಿರುವವರಿಗೆ ಇದು.

ಊರು ದಾಟುವ ಮೊದಲೇ ಎಡವಟ್ಟು. ಟ್ರಾಫಿಕ್‌ನಲ್ಲಿ ತೆವಳುತ್ತಿದ್ದಾಗ ಮೀಟರ್‌ನಲ್ಲಿ ಹಳದಿ ಲೈಟ್ ಬಂತು. ಡಿಪಿಎಫ್ ಲೈಟ್. ಡೀಸೆಲ್ ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಡುವ ಫಿಲ್ಟರ್ ಅದು. ನನಗೆ ಜೀವ ಹೋದಂಗಾಯಿತು. ದಾರಿಯಲ್ಲಿ ಸಿಕ್ಕ ದೊಡ್ಡ ಸರ್ವಿಸ್ ಸೆಂಟರ್‌ಗೆ ನುಗ್ಗಿಸಿದೆ. ಗಾಜಿನ ಗೋಡೆ, ಏಸಿ ಹಾಲ್, ಮೆತ್ತನೆ ಕುರ್ಚಿ, ಎಲ್ಲಾ ಇತ್ತು. ನಾಲ್ಕು ಗಂಟೆ ಕೂರಿಸಿದರು. ಬಾನೆಟ್ ಎತ್ತಿ ಫೋಟೊ ತೆಗೆದದ್ದು ಬಿಟ್ಟರೆ ಯಾರೂ ಗಾಡಿ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಕೊನೆಗೆ ಟೈ ಕಟ್ಟಿದ ಹುಡುಗ ಬಂದು, "ಫಿಲ್ಟರ್ ಹೋಗಿದೆ ಸಾರ್, ಹೊಸದು ಹಾಕಬೇಕು, ಪಾರ್ಟ್ ಬರೋದಕ್ಕೆ ಮೂರು ದಿನ" ಅಂದ. ಅವನು ಹೇಳಿದ ಮೊತ್ತಕ್ಕೆ ಇಡೀ ಪ್ರವಾಸ ಎರಡು ಸಲ ಮಾಡಬಹುದಿತ್ತು.

ಅಷ್ಟರಲ್ಲಿ ಅಕ್ಕ, ಸುಮ್ನೆ ಕೂತು ಬೇಜಾರಾಗಿ, ಡ್ಯಾಶ್‌ಬೋರ್ಡ್ ಡಬ್ಬಿಯಿಂದ ಗಾಡಿಯ ಮ್ಯಾನುಯಲ್ ತೆಗೆದು ಓದುತ್ತಿದ್ದಳು. ಆರು ವರ್ಷದಲ್ಲಿ ಆ ಪುಸ್ತಕದ ಪ್ಲಾಸ್ಟಿಕ್ ಕವರ್ ಕೂಡ ನಾನು ಬಿಚ್ಚಿರಲಿಲ್ಲ. "ಇಲ್ಲಿ ನೋಡೋ, ಈ ಲೈಟ್ ಬಂದರೆ ನಿಲ್ಲಿಸದೆ ಒಂದೇ ಸಮ ಜೋರಾಗಿ ಓಡಿಸಿ ಅಂತ ಬರೆದಿದ್ದಾರೆ. ನೀನು ತಂದು ನಿಲ್ಲಿಸಿಕೊಂಡು ಕೂತಿದ್ದೀಯಲ್ಲ" ಅಂದಳು. ಬಿಲ್ ಮಾಡೋಕೆ ಮುಂಚೆ ಬೀಗದ ಕೈ ಇಸ್ಕೊಂಡು ಹೊರಟೆವು. ದೊಡ್ಡ ರಸ್ತೆಗೆ ಬಂದು ನಾಲ್ಕನೇ ಗೇರ್‌ನಲ್ಲಿ 2,500 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತುವ ಲೆಕ್ಕ) ಹಿಡಿದು ಓಡಿಸಿದೆ. ಹದಿನೆಂಟನೇ ನಿಮಿಷಕ್ಕೆ ಲೈಟ್ ಆರಿತು. ಮನೆಗೆ ಬರುವವರೆಗೂ ಮತ್ತೆ ಬರಲಿಲ್ಲ.

ಇದರ ಹಿಂದಿನ ಕಥೆ ಸರಳ. ಆ ಫಿಲ್ಟರ್‌ನಲ್ಲಿ ಕೂತ ಮಸಿ ಸುಡಬೇಕಾದರೆ ಒಳಗೆ 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿ ಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ನಾಲ್ಕು ಕಿ.ಮೀ. ಓಟದಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಗಾಡಿ ತಾನೇ ಸುಡೋಕೆ ಶುರು ಮಾಡುತ್ತೆ, ನಾವು ಮನೆ ಬಂತು ಅಂತ ಆಫ್ ಮಾಡುತ್ತೇವೆ. ನಿಂತಲ್ಲೇ ಆರ್‌ಪಿಎಂ ಮಾಮೂಲಿಗಿಂತ ಮೇಲಿದ್ದರೆ ಸುಡುವ ಕೆಲಸ ನಡೀತಿರಬಹುದು, ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅದು ಅರ್ಧಕ್ಕೆ ನಿಂತಿರಬಹುದು ಅಂತ ತಿಳಿಯಿರಿ. ಹೀಗೆ ಪದೇ ಪದೇ ಆದರೆ ಸುಡೋಕೆ ಅಂತ ಹೆಚ್ಚುವರಿ ಬಿಟ್ಟ ಡೀಸೆಲ್ ಇಂಜಿನ್ ಆಯಿಲ್‌ಗೆ ಸೇರುತ್ತೆ. ಆಯಿಲ್ ಮಟ್ಟ ಇಳಿಯೋ ಬದಲು ಏರುತ್ತೆ! ಹಳೇ ಡೀಸೆಲ್ ಎಸ್‌ಯುವಿ ಕೊಳ್ಳುವವರು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿದ್ದರೆ ಓನರ್‌ಗೆ ಒಂದೇ ಪ್ರಶ್ನೆ ಕೇಳಿ: ದಿನಾ ಎಷ್ಟು ದೂರ ಓಡಿಸ್ತಿದ್ರಿ?

ಲೈಟ್ ಆರಿದ ಮೇಲೆ ಟ್ಯಾಂಕ್ ತುಂಬಿಸಿದೆ. ಮೈಲೇಜ್ ಲೆಕ್ಕ ಅಲ್ಲಿಂದ.

ಈಗ ಮೂಟೆಯ ವಿಷಯ. ಮಕ್ಕಳಿಬ್ಬರಿಗೂ ಒಬ್ಬೊಬ್ಬರಿಗೆ ಒಂದೊಂದು ಸಾಲು ಬೇಕಂತೆ. ಹಾಗಾಗಿ ಮೂರನೇ ಸಾಲು ಎತ್ತಿ ನಿಲ್ಲಿಸಿದ್ದೆವು. ಮೂರನೇ ಸಾಲು ಎತ್ತಿದ ಮೇಲೆ ಹಿಂದೆ ಎರಡು ಸಣ್ಣ ಬ್ಯಾಗ್ ನಿಲ್ಲೋಷ್ಟು ಜಾಗ ಅಷ್ಟೆ. ಏಳು ಸೀಟಿನ ಗಾಡಿ ಕೊಳ್ಳುವವರು ಶೋರೂಮ್‌ನಲ್ಲಿ ಹಿಂದಿನ ಸೀಟಲ್ಲಿ ಕೂತು ನೋಡುತ್ತಾರೆ. ಆ ಸೀಟು ಎತ್ತಿರುವಾಗ ಡಿಕ್ಕಿ ತೆಗೆದು ಯಾರೂ ನೋಡಲ್ಲ. ನಾನೂ ನೋಡಿರಲಿಲ್ಲ. ಏಳು ಜನ, ಏಳು ಜನರ ಸಾಮಾನು, ಎರಡೂ ಒಟ್ಟಿಗೆ ಹಿಡಿಯುವ ಗಾಡಿ ಬಹಳ ಕಮ್ಮಿ. ಹಾಗಾಗಿ ಸಾಮಾನೆಲ್ಲ ದೊಡ್ಡ ರೆಕ್ಸಿನ್ ಬ್ಯಾಗಲ್ಲಿ ತುಂಬಿ ಕ್ಯಾರಿಯರ್ ಮೇಲೆ ಕಟ್ಟಿದ್ದೆ.

ಸರ್ವಿಸ್ ಸೆಂಟರ್‌ನಲ್ಲಿ ಕಳೆದ ನಾಲ್ಕು ಗಂಟೆಯಿಂದಾಗಿ ಬೆಟ್ಟದ ಬುಡ ತಲುಪಿದಾಗ ರಾತ್ರಿ ಹನ್ನೆರಡು. ಖಾಲಿ ಇದ್ದದ್ದು ಒಂದೇ ಲಾಡ್ಜ್. ರೂಮ್ ಬಾಡಿಗೆ ಕೇಳಿ ಭಾವ ಎರಡು ಸಲ "ಒಂದು ರಾತ್ರಿಗಾ?" ಅಂದರು. ಸರಿ, ಹಾಳಾಗಿ ಹೋಗಲಿ ಅಂತ ಒಪ್ಪಿಕೊಂಡೆವು. ಪಾರ್ಕಿಂಗ್ ನೆಲಮಾಳಿಗೆಯಲ್ಲಿ. ಬಾಗಿಲ ಮೇಲೆ ಬೋರ್ಡ್: ಎತ್ತರ 2.1 ಮೀಟರ್. ನಮ್ಮ ಗಾಡಿ 1.8 ಮೀಟರ್, ಮೂಟೆ ಸೇರಿ 2.25. ಹೊರಗೆ ನಿಲ್ಲಿಸಿದರೆ ಮೂಟೆ ಉಳಿಯೋದು ಅನುಮಾನ. ಮಧ್ಯರಾತ್ರಿ ನಾನೂ ಭಾವನೂ ಟಾಪ್ ಹತ್ತಿ ಹಗ್ಗ ಬಿಚ್ಚಿದೆವು. ಮೂರನೇ ಸಾಲು ಮಡಚಿ, ಸಿಟ್ಟಲ್ಲಿ ಒಂದೊಂದೇ ಚೀಲ ಒಳಗೆ ಒಗೆದೆ. ಎಲ್ಲಾ ಹಿಡಿಸಿತು! ಇನ್ನೂ ಒಂದು ಚೀಲಕ್ಕೆ ಜಾಗ ಉಳಿಯಿತು. ಮಕ್ಕಳು ಮರುದಿನದಿಂದ ಮಧ್ಯದ ಸಾಲಲ್ಲಿ ಜಗಳ ಆಡಿಕೊಂಡೇ ಬಂದರು, ಏನೂ ಮುಳುಗಿ ಹೋಗಲಿಲ್ಲ.

ಬೆಳಿಗ್ಗೆ ನೋಡಿದರೆ ಭಾವನ ಗಾಡಿಯ ಹಿಂದಿನ ಚಕ್ರ ಪಂಕ್ಚರ್. ಅವರ ಸ್ಟೆಪ್ನಿ ಸಣ್ಣದು, ತೆಳ್ಳನೆ ಚಕ್ರ. 80 ಕಿ.ಮೀ. ವೇಗ ಮೀರಬೇಡಿ ಅಂತ ಅದರ ಮೇಲೇ ಬರೆದಿರುತ್ತೆ. ಅದು ಪಂಕ್ಚರ್ ಅಂಗಡಿವರೆಗೆ ಹೋಗೋಕೆ ಮಾತ್ರ, ಬೆಟ್ಟ ಹತ್ತೋಕಲ್ಲ. ಅಂಥ ಗಾಡಿ ಇರುವವರು ಹೊರಡುವ ಮುಂಚೆ ಇದನ್ನು ಯೋಚಿಸಿ.

ಅದೃಷ್ಟಕ್ಕೆ ಎದುರಿಗೇ ಒಂದು ತಗಡಿನ ಶೆಡ್, ಒಬ್ಬ ವಯಸ್ಸಾದ ಪಂಕ್ಚರ್ ಯಜಮಾನರು. ಇಡೀ ಪ್ರವಾಸದಲ್ಲಿ ದುಡ್ಡಿಗೆ ಸರಿಯಾದ ಕೆಲಸ ಮಾಡಿಕೊಟ್ಟವರು ಅಂದರೆ ಅವರೊಬ್ಬರೇ. ಭಾವ ಅವಸರದಲ್ಲಿ "ಹೊರಗಿಂದ ದಾರ ತುರುಕಿ ಸಾಕು" ಅಂದರು. ಯಜಮಾನರು ಒಪ್ಪಲಿಲ್ಲ. "ಗಾಡಿ ತುಂಬಾ ಜನ ಇದ್ದೀರಿ, ಇಳಿಜಾರಲ್ಲಿ ಬಿಸಿಯಾಗುತ್ತೆ" ಅಂತ ಟೈರನ್ನು ರಿಮ್‌ನಿಂದ ಬಿಚ್ಚಿ ಒಳಗಿಂದ ಪ್ಯಾಚ್ ಹಾಕಿದರು. ಒಳಗೋಡೆ ಮೇಲೆ ಕೈ ಆಡಿಸಿ ಎಲ್ಲಾದರೂ ಉಬ್ಬಿದೆಯಾ ನೋಡಿದರು. ಮೊಳೆ ಹೊಕ್ಕಿದ್ದು ನೆಲಕ್ಕೆ ತಾಗುವ ಭಾಗದಲ್ಲಿ, ಪಕ್ಕಗೋಡೆ ಹರಿದಿದ್ದರೆ ಟೈರ್ ಎಸೆಯಬೇಕಿತ್ತು ಅಂದರು. ಭಾವನದು 18 ಇಂಚಿನ ರಿಮ್, ಪಕ್ಕಗೋಡೆ ಗಿಡ್ಡ. "ಚೆಂದಕ್ಕೆ ಚೆನ್ನಾಗಿದೆ, ಗುಂಡಿಗೆ ಚೆನ್ನಾಗಿಲ್ಲ" ಅಂತ ನಕ್ಕರು. ಆಮೇಲೆ ಕರೆಯದೇನೇ ನನ್ನ ಗಾಡಿ ಹತ್ತಿರ ಬಂದು ಡ್ರೈವರ್ ಬಾಗಿಲು ತೆಗೆದು, ಕಂಬದ ಮೇಲಿನ ಸ್ಟಿಕ್ಕರ್ ತೋರಿಸಿದರು. "ಇದನ್ನ ಓದಿದ್ದೀರಾ?" ಅದರಲ್ಲಿ ಎರಡು ಸಾಲು. ಇಬ್ಬರಿದ್ದರೆ ಒಂದು ಲೆಕ್ಕ, ಗಾಡಿ ತುಂಬಿದ್ದರೆ ಇನ್ನೊಂದು. ಹಿಂದಿನ ಟೈರಿಗೆ 38 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕಿತ್ತು, ನನ್ನದರಲ್ಲಿ 31 ಇತ್ತು. ತಣ್ಣಗಿರುವಾಗಲೇ ಅಳೆಯಬೇಕು, ಓಡಿದ ಮೇಲೆ ಮೂರ್ನಾಲ್ಕು ಪಿಎಸ್‌ಐ ತಾನಾಗೇ ಏರುತ್ತೆ, ಏರಿತು ಅಂತ ಗಾಳಿ ಬಿಡಬೇಡಿ ಅಂದರು. ನಾಲ್ಕೂ ಚಕ್ರಕ್ಕೆ ಗಾಳಿ ಹಿಡಿದು ಅದಕ್ಕೆ ಕಾಸು ತಗೊಳ್ಳಲಿಲ್ಲ. ಅವರ ಹತ್ತಿರವೇ ಒಂದು ಗಾಳಿ ಅಳೆಯುವ ಮೀಟರ್ ಕೊಂಡೆ. ಕ್ಯಾಮೆರಾ, ಸೆನ್ಸರ್, ಸನ್‌ರೂಫ್ ಎಲ್ಲಾ ಆಮೇಲೆ. ಮೊದಲು ಆ ಸಣ್ಣ ಮೀಟರ್ ತಗೊಳ್ಳಿ.

ಹೋಗುವಾಗ ಮೂಟೆ ಹೊತ್ತು 548 ಕಿ.ಮೀ.ಗೆ 43.9 ಲೀಟರ್ ಹಿಡಿಸಿತು. ಅಂದರೆ ಲೀಟರಿಗೆ 12.5. ಡ್ಯಾಶ್‌ಬೋರ್ಡ್ ಮೀಟರ್ ಮಾತ್ರ 13.6 ಅಂತ ಹೆಮ್ಮೆಯಿಂದ ತೋರಿಸುತ್ತಿತ್ತು. ಬರುವಾಗ ಅದೇ ಬಯಲಲ್ಲಿ, ಹೆಚ್ಚು ಕಮ್ಮಿ ಅದೇ ವೇಗದಲ್ಲಿ, 552 ಕಿ.ಮೀ.ಗೆ 36.6 ಲೀಟರ್. ಲೀಟರಿಗೆ 15.1. ಮೂಟೆ ಇಳಿದದ್ದು, ಗಾಳಿ ಸರಿಯಾದದ್ದು ಎರಡೂ ಸೇರಿ ಬಂದ ವ್ಯತ್ಯಾಸ ಇದು. ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳೋಕೆ ನನ್ನ ಲೆಕ್ಕ ಸಾಲದು, ಆದರೆ ಜಾಸ್ತಿ ಪಾಲು ಮೂಟೆಯದೇ ಇರಬೇಕು. ಎಸ್‌ಯುವಿ ಮೊದಲೇ ಎತ್ತರ, ಅಗಲ, ಗಾಳಿಗೆ ಎದೆ ಕೊಟ್ಟು ನಿಂತ ಆಕಾರ. ಗಾಳಿಯ ತಡೆ ವೇಗದ ವರ್ಗದ (ವೇಗ × ವೇಗ) ಲೆಕ್ಕದಲ್ಲಿ ಏರುತ್ತೆ. 80ರಿಂದ 110ಕ್ಕೆ ಹೋದರೆ ಅದು ಸುಮಾರು 1.9 ಪಟ್ಟು. ಕಂಪನಿ ಹೇಳುವ ಮೈಲೇಜ್ ಲ್ಯಾಬ್‌ನಲ್ಲಿ ರೋಲರ್ ಮೇಲೆ ಓಡಿಸಿ ತೆಗೆದದ್ದು. ಯುರೋಪಿನಲ್ಲಿ 2017ರಲ್ಲಿ ಬಂದ ಡಬ್ಲ್ಯುಎಲ್‌ಟಿಪಿ ಅನ್ನುವ ಕಟ್ಟುನಿಟ್ಟಾದ ಪರೀಕ್ಷೆ ಕೂಡ 30 ನಿಮಿಷ, 23 ಕಿ.ಮೀ. ಚಿಲ್ಲರೆ ಅಷ್ಟೆ. ಅಲ್ಲಿ ಯಾರೂ ಟಾಪ್ ಮೇಲೆ ಮೂಟೆ ಕಟ್ಟಲ್ಲ.

ಭಾವನ ಹೈಬ್ರಿಡ್ ಅದೇ ಬಯಲಲ್ಲಿ ಲೀಟರಿಗೆ 17.3 ಕೊಟ್ಟಿತು. ಇಷ್ಟೇನಾ ಅನ್ನಿಸಿತು. ಯಾಕೆಂದರೆ ಊರಲ್ಲಿ ಅದು 21 ಕೊಡುತ್ತೆ, ನನ್ನದು ಶಾಲೆ ಓಟದಲ್ಲಿ 10 ದಾಟಲ್ಲ. ಹೈಬ್ರಿಡ್ ಉಳಿಸೋದು ಮುಖ್ಯವಾಗಿ ಬ್ರೇಕ್ ಹಿಡಿದಾಗ. ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತೆ. ನೆಟ್ಟಗಿನ ದೊಡ್ಡ ರಸ್ತೆಯಲ್ಲಿ ಬ್ರೇಕೇ ಹಿಡಿಯದಿದ್ದರೆ ತುಂಬೋದೇನು?

ಏರಿನಲ್ಲಿ ಅದರ ಕಥೆ ಇನ್ನೂ ಬೇರೆ. ಸಣ್ಣ ಬ್ಯಾಟರಿ ಬೇಗ ಬರಿದಾಯಿತು. ಟರ್ಬೊ ಇಲ್ಲದ ಇಂಜಿನ್ ಬೇರೆ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ನೂರಕ್ಕೆ ಎಪ್ಪತ್ತರಷ್ಟು ಮಾತ್ರ, ಆ ಲೆಕ್ಕದಲ್ಲೇ ಇಂಜಿನ್ ಬಲವೂ ಇಳಿಯುತ್ತೆ. ಮೇಲಿನ ತಿರುವುಗಳಲ್ಲಿ ಅದು ಕೂಗಾಡುತ್ತಿತ್ತು, ಗಾಡಿ ಮಾತ್ರ ನಿಧಾನ. ಅಮ್ಮ ಅದರಲ್ಲಿ ಕೂತಿದ್ದರು, "ಪಾಪ, ಅದಕ್ಕೂ ಉಬ್ಬಸ" ಅಂದರು. ನನ್ನ ಡೀಸೆಲ್ ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಅಷ್ಟು ಸೊರಗಲಿಲ್ಲ. ಇಳಿಯುವಾಗ ಭಾವನ ಬ್ಯಾಟರಿ ಬೇಗ ತುಂಬಿಹೋಯಿತು, ಆಮೇಲೆ ಗೇರನ್ನು ಬಿ ಕಡೆಗೆ ಹಾಕಿ ಇಂಜಿನ್ ಬಲದಲ್ಲೇ ತಡೆದು ಇಳಿಸಿದರು. ಹೈಬ್ರಿಡ್ ಇಟ್ಟುಕೊಂಡವರು ಆ ಬಿ ಯಾತಕ್ಕೆ ಅಂತ ಮನೆ ಹತ್ತಿರವೇ ಕಲಿತು ಹೋಗಿ.

ಮೇಲೆ ಹೋಗುವ ದಾರಿಯಲ್ಲಿ ಎರಡು ಗಂಟೆ ವಾಹನಗಳ ಸಾಲು. ನನಗೆ ಸಾಲಲ್ಲಿ ನಿಲ್ಲೋದು ಅಂದರೆ ಆಗಲ್ಲ. ಆದರೆ ಸಾಲಲ್ಲಿ ಒಂದು ಪಾಠ ಕಂಡೆ. ನಮ್ಮ ಮುಂದಿದ್ದ ಹೊಸ ಎಸ್‌ಯುವಿ ಡ್ಯುಯಲ್ ಕ್ಲಚ್ (ಒಳಗೆ ಎರಡು ಕ್ಲಚ್ ಇದ್ದು ಗೇರ್ ತಾನೇ ಬದಲಾಗುವ) ಆಟೊಮ್ಯಾಟಿಕ್. ಅವರು ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್‌ನಲ್ಲೇ ಗಾಡಿ ನಿಲ್ಲಿಸಿಕೊಳ್ಳುತ್ತಿದ್ದರು. ಗೇರ್ ಬಾಕ್ಸ್ ಬಿಸಿಯಾಗಿದೆ ಅಂತ ಎಚ್ಚರಿಕೆ ಬಂದು ಪಕ್ಕಕ್ಕೆ ಹಾಕಬೇಕಾಯಿತು. ಏರಿನ ಟ್ರಾಫಿಕ್ ನಿಮ್ಮ ದಿನದ ಪಾಡಾಗಿದ್ದರೆ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಬಲ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್ ನೋಡಿ, ಸ್ವಲ್ಪ ಇಂಧನ ಜಾಸ್ತಿ ಕುಡಿದರೂ ತಾಳಿಕೊಳ್ಳುತ್ತೆ. ನನ್ನ ಎಡಗಾಲು ಆ ದಿನ ಕ್ಲಚ್ ತುಳಿದೂ ತುಳಿದೂ ಮರಗಟ್ಟಿತ್ತು, ಅದೂ ಹೇಳಬೇಕು.

ಫೋರ್ ವೀಲ್ ಡ್ರೈವ್ ಬೇಕಾ ಅಂತ ಬಂದ ಮೇಲೆ ನಾಲ್ಕು ಜನ ಕೇಳಿದರು. ನನ್ನದು ಮುಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುವ ಗಾಡಿ, ಟಾರು ಇದ್ದ ಕಡೆಯೆಲ್ಲ ಹೋಯಿತು. ಕೆಸರು, ಮರಳು, ಹಿಮ ಪದೇ ಪದೇ ಎದುರಾಗುವುದಾದರೆ ತಗೊಳ್ಳಿ. ಇಲ್ಲದಿದ್ದರೆ ವರ್ಷಪೂರ್ತಿ ಆ ಭಾರ ಹೊರೋದು, ಅದಕ್ಕೆ ಎಣ್ಣೆ ಸುರಿಯೋದು ಅಷ್ಟೆ. ಅದು ಗಾಡಿ ಹೊರಡಿಸೋಕೆ ಸಹಾಯ ಮಾಡುತ್ತೆ, ನಿಲ್ಲಿಸೋಕೆ ಅಲ್ಲ. ನಿಲ್ಲಿಸೋದು ಟೈರು.

ನನ್ನ ತೀರ್ಮಾನ ಕೇಳಿದರೆ ವಿಚಿತ್ರ ಅನ್ನಿಸಬಹುದು. ಬೆಟ್ಟದ ದಾರಿಯಲ್ಲಿ ನನ್ನ ಡೀಸೆಲ್ಲೇ ವಾಸಿ ಅನ್ನಿಸಿತು. ಆದರೂ ಅದನ್ನೇ ಮಾರೋದು ಅಂತ ಹೆಂಡತಿ, ನಾನು ಬರುವ ದಾರಿಯಲ್ಲೇ ನಿಶ್ಚಯ ಮಾಡಿದೆವು. ಇಂಥ ಪ್ರವಾಸ ನಾವು ವರ್ಷಕ್ಕೆ ಎರಡು ಸಲ ಹೋಗುತ್ತೇವೆ. ಮಿಕ್ಕ ದಿನ ಶಾಲೆ, ತರಕಾರಿ, ಆಫೀಸು. ಆ ಹಳದಿ ಲೈಟ್ ಹಚ್ಚಿದ್ದು ಬೆಟ್ಟ ಅಲ್ಲ, ಆ ದಿನಗಳು. ದಿನಾ 60, 70 ಕಿ.ಮೀ. ದೊಡ್ಡ ರಸ್ತೆಯಲ್ಲಿ ಓಡುವವರಿಗೆ ಇದು ಇನ್ನೂ ವರ್ಷಗಟ್ಟಲೆ ಬರುತ್ತೆ.

ಹೋದ ವಾರ ಮಾರಾಟಕ್ಕೆ ಹಾಕಿದೆ. ಮೊದಲ ಫೋನ್ ಬಂತು. "ಮೈಲೇಜ್ ಎಷ್ಟು ಕೊಡುತ್ತೆ?" ಅಂತ ಕೇಳಿದರು. "ಮೇಲೆ ಮೂಟೆ ಕಟ್ಟುತ್ತೀರಾ?" ಅಂತ ಕೇಳಿದೆ. ಆ ಕಡೆಯವರು ಫೋನ್ ಇಟ್ಟರು.