ಫೋನಿನಲ್ಲಿ ಪಿಎಸ್‌ಪಿ: ಮೊದಲು ಸೇವ್ ಫೋಲ್ಡರ್ ನೋಡಿ

ಪಿಎಸ್‌ಪಿ ಎಂದರೆ ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ. ಅದರ ಆಟಗಳನ್ನು ಫೋನಿನಲ್ಲಿ ಆಡಿಸುವ ಆ್ಯಪ್, ಅಂದರೆ ಎಮ್ಯುಲೇಟರ್, 2012ರಲ್ಲಿ ಬಂದ ಪಿಪಿಎಸ್‌ಎಸ್‌ಪಿಪಿ. ಇದಕ್ಕೆ ಬಯೋಸ್ ಫೈಲಿನ (ಯಂತ್ರದ ಮೂಲ ತಂತ್ರಾಂಶದ) ಗೊಡವೆಯೇ ಇಲ್ಲ. ನಿಮ್ಮದೇ ಯುಎಂಡಿಯಿಂದ (ಪಿಎಸ್‌ಪಿ ಆಟದ ಡಿಸ್ಕ್) ತೆಗೆದ ಐಎಸ್‌ಒ, ಅಂದರೆ ಡಿಸ್ಕಿನ ನಕಲು ಫೈಲ್, ಇದ್ದರೆ ಸಾಕು, ಆಟ ಶುರು.

ಮೊದಲ ಸಲ ತೆರೆದಾಗ ಸೇವ್‌ಗಳನ್ನು (ಉಳಿಸಿದ ಆಟ) ಇಡುವ ಫೋಲ್ಡರ್ ಎಲ್ಲಿರಲಿ ಎಂದು ಕೇಳುತ್ತದೆ. ಇಲ್ಲೇ ಬಹಳ ಜನ ಎಡವುವುದು. ಆ್ಯಪ್‌ನ ಖಾಸಗಿ ಜಾಗ ಆರಿಸಿದರೆ, ಅನ್‌ಇನ್‌ಸ್ಟಾಲ್ ಮಾಡಿದ ದಿನ ಸೇವ್‌ಗಳೂ ಹೋಗುತ್ತವೆ. ಹೊರಗೆ ಬೇರೆ ಫೋಲ್ಡರ್ ಮಾಡಿ ಅದನ್ನೇ ತೋರಿಸಿ. ಒಳಗಿನ ‘ಸೇವ್‌ಡೇಟಾ’ವನ್ನು ಆಗಾಗ ನಕಲಿಸಿಡಿ. ಎಮ್ಯುಲೇಟರ್ ತಾನೇ ಉಳಿಸುವ ಸೇವ್ ಸ್ಟೇಟನ್ನೇ ನಂಬಿ ಕೂರಬೇಡಿ. ಅದು ಮೆಮೊರಿಯ ತದ್ರೂಪು, ಎಮ್ಯುಲೇಟರ್ ಅಪ್‌ಡೇಟ್ ಆದಮೇಲೆ ತೆರೆಯದೇ ಹೋಗಬಹುದು. ಆಟದೊಳಗಿನ ಸೇವ್ ಹಾಗಲ್ಲ.

ಗ್ರಾಫಿಕ್ಸ್‌ಗೆ (ಚಿತ್ರ ಬಿಡಿಸುವ ವಿಧಾನಕ್ಕೆ) ಮೊದಲು ವಲ್ಕನ್ ಆರಿಸಿ. ಚಿತ್ರ ಕೆಟ್ಟರೆ ಅಥವಾ ಆ್ಯಪ್ ಕುಸಿದರೆ ಓಪನ್‌ಜಿಎಲ್. ಪಿಎಸ್‌ಪಿ ಪರದೆ 480×272. ರೆಸಲ್ಯೂಷನ್ ಎರಡು ಪಟ್ಟು ಅಂದರೆ 960×544, ಚಿಕ್ಕ ಪರದೆಗೆ ಧಾರಾಳ. ಪಟ್ಟು ದುಪ್ಪಟ್ಟಾದರೆ ಪಿಕ್ಸೆಲ್ ನಾಲ್ಕು ಪಟ್ಟು, ಫೋನ್ ಬಿಸಿ, ಸ್ವಲ್ಪ ಹೊತ್ತಿಗೆ ವೇಗ ಕುಸಿತ. ಆಗ ಫ್ರೇಮ್‌ಸ್ಕಿಪ್‌ಗೆ (ಕೆಲವು ಫ್ರೇಮ್ ಬಿಟ್ಟು ಓಡಿಸುವುದು) ಕೈ ಹಾಕುವ ಮೊದಲು ರೆಸಲ್ಯೂಷನ್ ಇಳಿಸಿ. ‘ಬಫರ್ ಎಫೆಕ್ಟ್ ಬಿಡಿ’ (Skip buffer effects) ಎಂಬ ಆಯ್ಕೆ ವೇಗ ಕೊಡುತ್ತದೆ, ಆದರೆ ಕೆಲವು ಆಟಗಳಲ್ಲಿ ಪರದೆಯೇ ಕಪ್ಪು!

ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಸದ್ದು ತಡವಾಗುವುದು ಎಮ್ಯುಲೇಟರ್ ತಪ್ಪೇನಲ್ಲ. ತಾಳದ ಆಟಗಳಿಗೆ ತಂತಿಯದ್ದೇ ಸರಿ.